ವೆಲಾಸ್ಕೆಜ್‌ನ ‘ವಲ್ಕನ್‌ನ ಕುಲುಮೆ’ ನಕಲು: ಕಾದ ಕಬ್ಬಿಣ ಕಾದ ಹಾಗೇ ಕಾಣಬೇಕು, ಹೇಗೆ?

ಹಾಸನ_ಕುಂಚ:

ನಮಸ್ಕಾರ. ಹಾಸನದ ಹತ್ತಿರದ ಒಂದು ಐಟಿಐ ವರ್ಕ್‌ಶಾಪ್ ಹಾಲ್‌ಗೆ ವೆಲಾಸ್ಕೆಜ್‌ನ ‘ವಲ್ಕನ್‌ನ ಕುಲುಮೆ’ಯ ನಕಲು ಆಯಿಲ್‌ನಲ್ಲಿ ಬರೆದುಕೊಡಬೇಕಾಗಿದೆ. ಚಿತ್ರ ನೋಡದವರಿಗೆ ಎರಡು ಮಾತು. ಸ್ಪೇನಿನ ವೆಲಾಸ್ಕೆಜ್ ಮೊದಲ ಸಲ ಇಟಲಿಗೆ ಹೋಗಿದ್ದಾಗ, 1630ರಲ್ಲಿ, ರೋಮ್‌ನಲ್ಲಿ ಬರೆದದ್ದು. ಈಗ ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂನಲ್ಲಿದೆ. ವಲ್ಕನ್ ಅಂದ್ರೆ ರೋಮನ್ನರ ಬೆಂಕಿ ಮತ್ತು ಲೋಹಗೆಲಸದ ದೇವರು; ಗ್ರೀಕರು ಹಿಫೀಸ್ಟಸ್ ಅಂತಾರೆ. ನಾಲ್ಕು ಜನ ಸಹಾಯಕರ ಜೊತೆ ಕೆಲಸದಲ್ಲಿರೋವಾಗ ಸೂರ್ಯದೇವರು ಅಪೊಲೊ ಬಂದು, ನಿನ್ನ ಹೆಂಡತಿ ವೀನಸ್‌ಗೂ ಯುದ್ಧದೇವರು ಮಾರ್ಸ್‌ಗೂ ಸಂಬಂಧ ಇದೆ ಅಂತ ಸುದ್ದಿ ಮುಟ್ಟಿಸ್ತಾನೆ. ಎಲ್ಲರೂ ಕೆಲಸ ನಿಲ್ಲಿಸಿ ಅವನನ್ನೇ ನೋಡ್ತಾ ನಿಂತಿದ್ದಾರೆ.

ಕೇಳಬೇಕಾಗಿರೋದು ಇಷ್ಟು. ಮೂಲ ಸುಮಾರು 223 × 290 ಸೆಂ.ಮೀ. ಗೋಡೆಯಲ್ಲಿ ನನಗಿರೋ ಜಾಗ ಒಂದು ಮೀಟರ್ ಅಗಲ. ಯಾವ ಅಳತೆ ಇಟ್ಟುಕೊಂಡರೆ ಗ್ರಿಡ್ (ನಕಲಿಸೋಕೆ ಎಳೆಯೋ ಚೌಕಗಳು) ಸುಲಭ? ಎರಡನೇದು, ಅಡಿಗಲ್ಲಿನ (ಕಬ್ಬಿಣ ಇಟ್ಟು ಬಡಿಯೋ ದಿಮ್ಮಿ) ಮೇಲಿರೋ ಕಾದ ಕಬ್ಬಿಣ. ಚಿಕ್ಕ ಹಲಗೆ ಮೇಲೆ ಬರೆದು ನೋಡಿದ್ರೆ ಕ್ಯಾರೆಟ್ ತುಂಡು ಇಟ್ಟ ಹಾಗೆ ಕಾಣ್ತಿದೆ, ಬಿಸಿ ಅನ್ನಿಸೋದೇ ಇಲ್ಲ. ನೋಡೋರು ವೆಲ್ಡರ್, ಫಿಟ್ಟರ್ ಹುಡುಗರು. ಕಬ್ಬಿಣ ಸರಿ ಇಲ್ಲದಿದ್ರೆ ಮೊದಲು ನಗೋದು ಅವರೇ. ಮೂರನೇದು, ಚಿತ್ರದ ಪಕ್ಕ ಅರ್ಧ ಪುಟದ ಟಿಪ್ಪಣಿ ಹಾಕಬೇಕು. ಬೇರೆ ಚಿತ್ರಗಳಲ್ಲಿ ವಲ್ಕನ್‌ನ ಗುರುತು ಹಿಡಿಯೋದು ಹೇಗೆ ಅಂತ ಅದರಲ್ಲಿ ಬರಬೇಕು. ಕೊನೇದಾಗಿ, ಕೆಲಸ ಶುರುವಾಗೋದು ಜೂನ್‌ನಲ್ಲಿ. ಮಳೆಗಾಲದಲ್ಲಿ ಆಯಿಲ್ ಬೇಡ ಅಂತ ಕೆಲವರು ಹೆದರಿಸ್ತಿದ್ದಾರೆ, ನಿಜಾನಾ?

ಕುಲುಮೆ_ಕಿಡಿ:

ಮೇಡಂ, ನಾನು ಕಬ್ಬಿಣದ ಕಡೆಯಿಂದ ಹೇಳ್ತೀನಿ. ಬಣ್ಣದ ವಿಷಯ ಬಣ್ಣ ಗೊತ್ತಿರೋರು ಹೇಳಲಿ.

ಕಬ್ಬಿಣ ಕತ್ತಲಲ್ಲಿ ಕೆಂಪಗೆ ಕಾಣೋಕೆ ಶುರುವಾಗೋದು ಸುಮಾರು 500–550 ಡಿಗ್ರಿ ಸೆಲ್ಸಿಯಸ್‌ಗೆ. 700ರ ಹತ್ತಿರ ಕಡುಗೆಂಪು, 800ರ ಸುತ್ತ ಚೆರ್ರಿ ಹಣ್ಣಿನ ಕೆಂಪು, 950ಕ್ಕೆ ಕಿತ್ತಳೆ, 1100ಕ್ಕೆ ಹಳದಿ, 1300ಕ್ಕೆ ಬಿಳಿ. ಕರಗೋದು 1538ಕ್ಕೆ, ಅಷ್ಟು ದೂರ ಕುಲುಮೆಯಲ್ಲಿ ಹೋಗಲ್ಲ. ಈ ಲೆಕ್ಕ ಮಬ್ಬು ಬೆಳಕಿಗೆ ಮಾತ್ರ. ಅದೇ ಚೆರ್ರಿ ಕೆಂಪಿನ ತುಂಡನ್ನ ಅಂಗಳದ ಬಿಸಿಲಿಗೆ ತಂದ್ರೆ ಬೂದು ಕಬ್ಬಿಣದ ಹಾಗೆ ಕಾಣುತ್ತೆ, ಮುಟ್ಟಿದವನ ಕೈ ಸುಟ್ಟಮೇಲೇ ಗೊತ್ತಾಗೋದು. ಕಮ್ಮಾರಸಾಲೆ ಕತ್ತಲಾಗಿರೋದು ಬಡತನಕ್ಕಲ್ಲ, ಹದ ಕಣ್ಣಿಗೆ ಕಾಣಲಿ ಅಂತ. ವೆಲಾಸ್ಕೆಜ್‌ನ ಚಿತ್ರದಲ್ಲಿ ಎಡಗಡೆಯಿಂದ ಹಗಲು ಬೆಳಕು ಧಾರಾಳವಾಗಿ ಒಳಗೆ ಬಂದಿದೆ. ಅಷ್ಟು ಬೆಳಕಲ್ಲೂ ತುಂಡು ಕಿತ್ತಳೆಯಾಗಿ ಹೊಳೀತಿದೆ ಅಂದ್ರೆ ಅದು ಈಗ ತಾನೇ ಬೆಂಕಿಯಿಂದ ಬಂದದ್ದು, 950ಕ್ಕೆ ಕಡಿಮೆ ಇರೋಕಾಗಲ್ಲ. ನೀವು ಬರೀಬೇಕಾದ ಬಣ್ಣ ಇಲ್ಲೇ ತೀರ್ಮಾನ ಆಯ್ತು: ನಡುವೆ ಕಿತ್ತಳೆ, ಅಲ್ಲಲ್ಲಿ ಹಳದಿಗೆ ತಿರುಗಿದ್ದು. ಬಿಳಿ ಬೇಡ.

ಕ್ಯಾರೆಟ್ ಥರ ಕಾಣೋದಕ್ಕೆ ಕಾರಣ ಇಡೀ ತುಂಡಿಗೆ ಒಂದೇ ಬಣ್ಣ ಕೊಟ್ಟಿರೋದು. ಕಾದ ಕಬ್ಬಿಣ ಯಾವತ್ತೂ ಒಂದೇ ಬಣ್ಣದಲ್ಲಿ ಇರಲ್ಲ. ತೆಳು ಅಂಚು, ಮೂಲೆ ಮೊದಲು ಆರುತ್ತೆ, ಹಾಗಾಗಿ ಅಂಚು ಕೆಂಪು, ಹೊಟ್ಟೆ ಹಳದಿ. ಅಡಿಗಲ್ಲಿಗೆ ತಾಗಿರೋ ಕೆಳಗಿನ ಮೈ ಇನ್ನೂ ಬೇಗ ಆರುತ್ತೆ, ಯಾಕಂದ್ರೆ ಅಡಿಗಲ್ಲು ತಣ್ಣಗಿರೋ ದೊಡ್ಡ ಕಬ್ಬಿಣ, ಶಾಖ ಎಳೆದುಕೊಳ್ಳುತ್ತೆ. ಕೆಳ ಅಂಚಿಗೆ ಒಂದು ಗೆರೆ ಕಡುಗೆಂಪು ಬರಲೇಬೇಕು. ಇಕ್ಕಳ ಹಿಡಿದ ತುದಿ ಬೆಂಕಿಯ ಮಧ್ಯಕ್ಕೆ ಹೋಗಿರಲ್ಲ, ಜೊತೆಗೆ ಇಕ್ಕಳವೂ ಶಾಖ ಹೀರುತ್ತೆ. ಅಲ್ಲಿ ಕೆಂಪು ಕಪ್ಪಾಗಿ ಮುಗಿಯಬೇಕು.

ಇನ್ನೊಂದು ವಿಷಯ, ಇದನ್ನ ಫೋಟೋ ನೋಡಿ ಬರೆಯೋರು ಬಿಟ್ಟೇಬಿಡ್ತಾರೆ. ಗಾಳಿ ತಾಗಿದ ಕೂಡಲೇ ಕಾದ ಕಬ್ಬಿಣದ ಮೇಲೆ ಒಂದು ಪೊರೆ ಕಟ್ಟುತ್ತೆ, ಕಬ್ಬಿಣದ ಆಕ್ಸೈಡ್. ಅದು ಒಳಗಿನ ಲೋಹಕ್ಕಿಂತ ಬೇಗ ತಣ್ಣಗಾಗಿ ಮಂಕಾಗಿ ಕಾಣುತ್ತೆ. ಸುತ್ತಿಗೆ ಏಟು ಬಿದ್ದಾಗ ಪೊರೆ ಚೂರು ಚೂರಾಗಿ ಉದುರುತ್ತೆ, ಉದುರಿದ ಜಾಗದಲ್ಲಿ ಒಳಗಿನ ಉರಿ ಮತ್ತೆ ಕಾಣುತ್ತೆ. ಅಂದ್ರೆ ಮೇಲ್ಮೈ ಮಚ್ಚೆ ಮಚ್ಚೆ: ಏಟು ಬಿದ್ದ ಕಡೆ ಬೆಳಕು, ಬೀಳದ ಕಡೆ ಮಬ್ಬು ಕೆಂಪು. ಅಡಿಗಲ್ಲಿನ ಸುತ್ತ ನೆಲದಲ್ಲಿ ಉದುರಿದ ಪೊರೆಯ ಕಪ್ಪು ಬೂದು ಚೂರುಗಳು. ಐಟಿಐ ಹುಡುಗರು ಇದನ್ನ ನೋಡಿದ ತಕ್ಷಣ ‘ಗೊತ್ತಿರೋರು ಬರೆದಿದ್ದು’ ಅಂತಾರೆ. ಮೂಲದಲ್ಲಿ ಎಲ್ಲಿ ಎಷ್ಟಿದೆಯೋ ಅಷ್ಟೇ ಇಡಿ, ಆದರೆ ಆ ಕುಂಚದ ಗುರುತುಗಳು ಅಲ್ಲಿ ಯಾಕಿವೆ ಅಂತ ಗೊತ್ತಿದ್ರೆ ಕೈ ಸರಿಯಾಗಿ ಓಡುತ್ತೆ.

ಕೆಲಸದವರ ಜೋಡಣೆ ಬಗ್ಗೆ: ಮೇಸ್ತ್ರಿ ಎಡಗೈಲಿ ಇಕ್ಕಳ, ಬಲಗೈಲಿ ಚಿಕ್ಕ ಸುತ್ತಿಗೆ. ಎದುರಿಗೆ ಚಮ್ಮಟಿಗೆ (ದೊಡ್ಡ ಸುತ್ತಿಗೆ) ಹೊಡೆಯೋರು. ಮೇಸ್ತ್ರಿ ಚಿಕ್ಕ ಸುತ್ತಿಗೆಯಿಂದ ಜಾಗ ತೋರಿಸ್ತಾನೆ, ಚಮ್ಮಟಿಗೆ ಅಲ್ಲಿಗೇ ಬೀಳುತ್ತೆ. ಬೇಲೂರು, ಸಕಲೇಶಪುರ ಕಡೆ ತೋಟದ ಕತ್ತಿ ಮಾಡೋ ಸಾಲೆಗಳಲ್ಲೂ ಇದೇ ಕ್ರಮ. ವೆಲಾಸ್ಕೆಜ್ ಇದನ್ನ ನೋಡೇ ಬರೆದ ಹಾಗಿದೆ. ಒಂದು ಮಾತ್ರ ಸುಳ್ಳು: ಬರೀ ಮೈಲಿ ಕುಲುಮೆ ಮುಂದೆ ಸಾಮಾನ್ಯವಾಗಿ ಯಾರೂ ನಿಲ್ಲಲ್ಲ. ಹಾರೋ ಪೊರೆ ಚೂರು ಹೊಟ್ಟೆ ಮೇಲೆ ಬಿದ್ರೆ ಬೊಬ್ಬೆ. ಅದು ಚಿತ್ರಕಾರರಿಗೆ ಮೈಕಟ್ಟು ತೋರಿಸೋ ಆಸೆ.

ಮತ್ತೆ ಹಿಂದಿನ ಒಲೆಯಲ್ಲಿ ದೊಡ್ಡ ಹಳದಿ ಜ್ವಾಲೆ ಏರಿಸಬೇಡಿ. ಇದ್ದಿಲು ಬೆಂಕಿಗೆ ಜ್ವಾಲೆ ಗಿಡ್ಡ. ತಿದಿಯ (ಗಾಳಿ ಊದೋ ಚೀಲ) ಗಾಳಿ ಹೊಡೆಯೋ ಜಾಗದಲ್ಲಿ ಮಾತ್ರ ಕಣ್ಣು ಕುಕ್ಕೋ ಬೆಳಕು, ಸುತ್ತ ಕೆಂಪು, ಅದರಾಚೆ ಕಪ್ಪು. ಕಮ್ಮಾರಸಾಲೆಗೆ ನೋಡೋಕೆ ಹೋದ್ರೆ ಮೊಬೈಲ್ ನಂಬಬೇಡಿ. ಆಟೋ ಎಕ್ಸ್‌ಪೋಷರ್‌ನಲ್ಲಿ ಕಿತ್ತಳೆ ಕಬ್ಬಿಣ ಬಿಳಿ ಹಳದಿಯಾಗಿ ಬರುತ್ತೆ. ಪ್ರೊ ಮೋಡ್‌ನಲ್ಲಿ ವೈಟ್ ಬ್ಯಾಲೆನ್ಸ್ ಡೇಲೈಟ್‌ಗೆ ಕಟ್ಟಿಹಾಕಿ, ಎಕ್ಸ್‌ಪೋಷರ್ ಎರಡು ಸ್ಟಾಪ್ ಇಳಿಸಿ. ಅದಕ್ಕಿಂತ ಅಲ್ಲೇ ನಿಂತು ಪೆನ್ಸಿಲ್‌ನಲ್ಲಿ ‘ಇಲ್ಲಿ ಕೆಂಪು, ಇಲ್ಲಿ ಹಳದಿ’ ಅಂತ ಗುರುತು ಹಾಕಿಕೊಳ್ಳೋದು ಒಳ್ಳೇದು.

ಮಲೆನಾಡ್_ಕ್ಯಾನ್ವಾಸ್ (ಚಿಕ್ಕಮಗಳೂರು):

ಅಳತೆ ಮೊದಲು. 75 × 97.5 ಸೆಂ.ಮೀ. ಕ್ಯಾನ್ವಾಸ್ ಮಾಡಿಸಿ. 7.5 ಸೆಂ.ಮೀ. ಚೌಕ ಹಾಕಿದ್ರೆ ಎತ್ತರಕ್ಕೆ 10, ಅಗಲಕ್ಕೆ 13, ಒಂದು ಗೆರೆಯೂ ಉಳಿಯಲ್ಲ. ಮೂಲದಲ್ಲಿ ಅದೇ ಚೌಕ 22.3 ಸೆಂ.ಮೀ. ಆಗುತ್ತೆ, ಅನುಪಾತ ಕೂಡಿಬರುತ್ತೆ. ರೆಡಿಮೇಡ್ 75 × 100 ತಗೊಂಡು ‘ಎರಡೂವರೆ ಸೆಂಟಿಮೀಟರ್ ತಾನೇ’ ಅಂತ ಎಳೆಯಬೇಡಿ, ಅಪೊಲೊ ದಪ್ಪಗಾಗ್ತಾನೆ. ಪ್ರಾಡೊದ ಜಾಲತಾಣದಲ್ಲಿ ಚಿತ್ರ ದೊಡ್ಡದಾಗಿ ಸಿಗುತ್ತೆ, ಅದಕ್ಕೇ ಗ್ರಿಡ್ ಹಾಕಿ ಪ್ರಿಂಟ್ ತೆಗೆಸಿ. ಗೂಗಲ್‌ನಲ್ಲಿ ಸಿಗೋ ಬೇರೆ ಬೇರೆ ಪ್ರತಿಗಳಲ್ಲಿ ಕೆಲವು ಹಳದಿಗೆ ತಿರುಗಿವೆ, ಕೆಲವು ಅಂಚು ಕತ್ತರಿಸಿದವು.

ಫ್ರೇಮ್‌ಗೆ ಮೂಲೆಯಲ್ಲಿ ಬೆಣೆ ಬಡಿಯೋ ಥರದ್ದೇ ಬೇಕು ಅಂತ ಬಡಗಿಗೆ ಹೇಳಿ. ಮೊಳೆ ಹೊಡೆದು ಬಿಗಿ ಮಾಡಿದ ಫ್ರೇಮ್ ಮಲೆನಾಡಿನ ಮಳೆಗೆ ಆಗಲ್ಲ. ತೇವಕ್ಕೆ ಕ್ಯಾನ್ವಾಸ್ ಜೋತುಬಿದ್ದಾಗ ಬೆಣೆಯನ್ನ ಒಂದೊಂದೇ ಏಟು ತಟ್ಟಿ ಬಿಗಿ ಮಾಡಬಹುದು. ಆದರೆ ಜುಲೈನಲ್ಲಿ ಪೂರ್ತಿ ಬಿಗಿ ಮಾಡಿಬಿಟ್ರೆ ಫೆಬ್ರವರಿಯ ಒಣಹವೆಗೆ ಬಟ್ಟೆ ಎಳೆದು ಮೂಲೆಯಲ್ಲಿ ಬಣ್ಣ ಸೀಳುತ್ತೆ. ಸ್ವಲ್ಪ ಸಡಿಲವೇ ಇರಲಿ.

ಗ್ರೌಂಡ್: ಅಕ್ರಿಲಿಕ್ ಗೆಸ್ಸೊ (ಬಣ್ಣಕ್ಕೆ ಮುಂಚೆ ಬಳಿಯೋ ಬಿಳಿ ಲೇಪ) ಎರಡು ಕೋಟ್, ನಡುವೆ 220 ನಂಬರ್ ಸ್ಯಾಂಡ್‌ಪೇಪರ್‌ನಲ್ಲಿ ತಿಕ್ಕಿ. ಮೇಲೆ ಬಿಳಿ 4 ಪಾಲು, ರಾ ಅಂಬರ್ 1 ಪಾಲು, ಕಪ್ಪು ಚಿಟಿಕೆ ಸೇರಿಸಿ ತೆಳು ಅಕ್ರಿಲಿಕ್ ಬೂದುಕಂದು ಬಳಿಯಿರಿ. ಬಿಳಿ ಗ್ರೌಂಡ್ ಮೇಲೆ ನೇರ ಶುರು ಮಾಡಿದ್ರೆ ಕಾದ ಕಬ್ಬಿಣ ಎಂದಿಗೂ ಬೆಳಗಲ್ಲ, ಯಾಕಂದ್ರೆ ಸುತ್ತ ಎಲ್ಲಾ ಅದಕ್ಕಿಂತ ಬೆಳ್ಳಗಿರುತ್ತೆ. ಅಕ್ರಿಲಿಕ್ ಮೇಲೆ ಆಯಿಲ್ ಸರಿ. ಆಯಿಲ್ ಮೇಲೆ ಅಕ್ರಿಲಿಕ್ ಯಾವ ಕಾರಣಕ್ಕೂ ಬೇಡ, ಸಿಪ್ಪೆ ಏಳುತ್ತೆ.

ಈಗ ಕಬ್ಬಿಣ. ಕಿಡಿ ಸರ್ ಹೇಳಿದ ಮಚ್ಚೆ, ಅಂಚು ಎಲ್ಲ ಸರಿ. ಆದರೆ ಬಣ್ಣ ಎಷ್ಟೇ ಸರಿ ಇದ್ರೂ ಸುತ್ತಲಿನದು ಸರಿ ಇಲ್ಲದಿದ್ರೆ ಉರಿಯಲ್ಲ. ಆ ಕ್ಯಾನ್ವಾಸ್‌ನಲ್ಲಿ ಎರಡು ಕಿತ್ತಳೆ ಇವೆ, ಗಮನಿಸಿ. ಎಡಕ್ಕೆ ಅಪೊಲೊನ ಮೇಲುವಸ್ತ್ರ, ನಡುವೆ ಅಡಿಗಲ್ಲಿನ ಮೇಲಿನ ತುಂಡು. ವಸ್ತ್ರದ ಜಾಗ ಹತ್ತಾರು ಪಟ್ಟು ದೊಡ್ಡದು. ಆದರೂ ಕಣ್ಣು ತುಂಡಿನ ಕಡೆ ಹೋಗುತ್ತೆ. ಯಾಕೆ ಅಂದ್ರೆ ವಸ್ತ್ರದ ಸುತ್ತ ಮೈಬಣ್ಣ, ತಿಳಿ ಬೆಳಕು. ತುಂಡಿನ ಸುತ್ತ ಬಣ್ಣವೇ ಇಲ್ಲದ ಕಪ್ಪು ಬೂದು. ನಕಲು ಮಾಡೋರು ವಸ್ತ್ರವನ್ನ ಟ್ಯೂಬಿನ ಕ್ಯಾಡ್ಮಿಯಂ ಆರೆಂಜ್‌ನಲ್ಲಿ ತುಂಬಿಬಿಡ್ತಾರೆ, ಅಲ್ಲಿಗೆ ಕಬ್ಬಿಣ ಸೋತಿತು. ವಸ್ತ್ರಕ್ಕೆ ಯೆಲ್ಲೊ ಓಕರ್, ಬರ್ನ್ಟ್ ಸಿಯೆನ್ನಾ, ಬೆಳಕಿಗೆ ಸ್ವಲ್ಪ ಬಿಳಿ. ಕ್ಯಾಡ್ಮಿಯಂ ಅಲ್ಲಿ ಹತ್ತನೇ ಒಂದು ಪಾಲು ದಾಟಬಾರದು. ಶುದ್ಧ ಕ್ಯಾಡ್ಮಿಯಂ ಇಡೀ ಚಿತ್ರದಲ್ಲಿ ಕಬ್ಬಿಣಕ್ಕೆ ಮತ್ತು ಒಲೆಗೆ ಮಾತ್ರ. ವೆಲಾಸ್ಕೆಜ್ ಕಾಲದಲ್ಲಿ ಕ್ಯಾಡ್ಮಿಯಂ ಇರಲಿಲ್ಲ. ಆಗಿನವರಿಗೆ ಉರಿಗೆಂಪು ಅಂದ್ರೆ ವರ್ಮಿಲಿಯನ್, ಹಳದಿಗೆ ಸೀಸ ತವರದ ಹಳದಿ, ಬಿಳಿಗೆ ಸೀಸದ ಬಿಳಿ. ನಮಗೆ ಅವು ಬೇಡ. ವಿಷ, ದುಬಾರಿ, ವರ್ಮಿಲಿಯನ್ ಕೆಲವೊಮ್ಮೆ ಕಪ್ಪಾಗುತ್ತೆ ಬೇರೆ.

ಪ್ಯಾಲೆಟ್ ಮೇಲೆ ಮೂರು ಗುಡ್ಡೆ ಮಾಡಿಕೊಳ್ಳಿ, ಒಂದೊಂದೂ ಕಡಲೆಕಾಳಿನಷ್ಟು ಸಾಕು, ಈ ಅಳತೆಯಲ್ಲಿ ತುಂಡು ಬೆರಳುದ್ದ ಕೂಡ ಬರಲ್ಲ. ಅಂಚಿಗೆ ಕ್ಯಾಡ್ಮಿಯಂ ರೆಡ್ ಲೈಟ್ 3, ಬರ್ನ್ಟ್ ಸಿಯೆನ್ನಾ 1. ನಡುಮೈಗೆ ಕ್ಯಾಡ್ಮಿಯಂ ಯೆಲ್ಲೊ 2, ರೆಡ್ ಲೈಟ್ 1. ಏಟು ಬಿದ್ದ ಜಾಗಕ್ಕೆ ಯೆಲ್ಲೊ 3, ಬಿಳಿ 1, ನಡುಮೈ ಬಣ್ಣ ಚೂರು. ಬಿಳಿ ಇದಕ್ಕಿಂತ ಹೆಚ್ಚಿಸಿದ್ರೆ ಕಬ್ಬಿಣ ಗುಲಾಬಿ ಆಗುತ್ತೆ, ಕಾವು ಇಳಿದ ಹಾಗೆ ಕಾಣುತ್ತೆ. ಬೆಳಕು ಬೇಕು ಅಂತ ಬಿಳಿ ಸುರಿಯೋದು ಎಲ್ಲರೂ ಮಾಡೋ ತಪ್ಪು. ಸ್ಟೂಡೆಂಟ್ ಟ್ಯೂಬ್‌ಗಳಲ್ಲಿ ‘ಹ್ಯೂ’ ಅಂತ ಬರೆದಿರೋ ಕ್ಯಾಡ್ಮಿಯಂ ನಿಜವಾದ ಕ್ಯಾಡ್ಮಿಯಂ ಅಲ್ಲ, ಮುಚ್ಚೋ ಶಕ್ತಿ ಕಡಿಮೆ, ಕೆಳಗಿನ ಕಪ್ಪು ತೋರಿ ಮಂಕಾಗುತ್ತೆ. ಈ ಎರಡು ಟ್ಯೂಬ್ ಮಾತ್ರ ಆರ್ಟಿಸ್ಟ್ ದರ್ಜೆಯದ್ದು ಚಿಕ್ಕದಾದ್ರೂ ತಗೊಳ್ಳಿ, ಉಳಿದದ್ದು ಸ್ಟೂಡೆಂಟ್ ಆದ್ರೂ ನಡೆಯುತ್ತೆ.

ಕಬ್ಬಿಣ ಕೊನೆಗೆ. ಮೊದಲು ಅಡಿಗಲ್ಲು, ಅದರ ಹಿಂದಿನ ನೆರಳು, ಕೈಗಳು ಪೂರ್ತಿ ಮುಗಿಸಿ, ಮುಟ್ಟಿದ್ರೆ ಅಂಟದಷ್ಟು ಒಣಗಲಿ. ಕಪ್ಪಿಗೆ ಬರ್ನ್ಟ್ ಅಂಬರ್ 2, ಅಲ್ಟ್ರಾಮರೀನ್ 1. ಆಮೇಲೆ 4 ನಂಬರ್ ಚಪ್ಪಟೆ ಹಂದಿಕೂದಲ ಕುಂಚದಲ್ಲಿ ಆ ಮೂರು ಬಣ್ಣ ದಪ್ಪಗೆ, ಒಂದೊಂದು ಎಳೆತ, ಅಷ್ಟೇ. ಮೃದು ಕುಂಚ ತಂದು ಸವರಿದ್ರೆ ಕಿತ್ತಳೆ ಕಪ್ಪಿನ ಜೊತೆ ಬೆರೆತು ಇಟ್ಟಿಗೆ ಬಣ್ಣ ಆಗುತ್ತೆ. ಸುತ್ತ ಮಂಜಿನ ಥರ ಕಿತ್ತಳೆ ವಲಯ ಬರೆಯೋ ಚಪಲ ಬೇಡ. ಅದು ಕ್ಯಾಲೆಂಡರ್ ದೇವರ ಪ್ರಭಾವಳಿ. ಇಲ್ಲಿ ಪ್ರಭಾವಳಿ ಇರೋದು ಅಪೊಲೊನ ತಲೆಗೆ ಮಾತ್ರ. ಬಿಸಿಯ ಬೆಳಕು ಅಡಿಗಲ್ಲಿನ ಮೇಲ್ಮುಖದಲ್ಲಿ, ಇಕ್ಕಳದ ಒಳ ಅಂಚಿನಲ್ಲಿ ಒಂದು ತೆಳು ಗೆರೆ ಬಿದ್ರೆ ಸಾಕು. ನಾಲ್ಕೂ ಜನರ ಮೈಗೆ ಕೆಂಪು ಬಳೀಬೇಡಿ, ಅವರ ಮೇಲೆ ಬಿದ್ದಿರೋದು ಹಗಲು.

ಪರೀಕ್ಷೆ ಹೀಗೆ: ಮೊಬೈಲ್‌ನಲ್ಲಿ ಫೋಟೋ ತೆಗೆದು ಕಪ್ಪು ಬಿಳುಪು ಮಾಡಿ. ಕಬ್ಬಿಣ ಅಪೊಲೊನ ಹೆಗಲಿಗಿಂತ, ಮೇಲೆ ಇಟ್ಟಿರೋ ಬಿಳಿ ಹೂಜಿಗಿಂತ ಬೆಳ್ಳಗೆ ಕಂಡ್ರೆ ಬಿಳಿ ಜಾಸ್ತಿಯಾಗಿದೆ. ನಡುಮಟ್ಟದ ಬೂದಾಗಿ ಕಾಣಬೇಕು. ಬಣ್ಣಕ್ಕೆ ತಿರುಗಿಸಿದಾಗ ಎದ್ದು ಬರಬೇಕು.

ಮಳೆಗಾಲ: ಆಯಿಲ್ ಒಣಗೋದು ನೀರು ಆರಿದ ಹಾಗಲ್ಲ, ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತೆ. ತಂಪು, ತೇವ, ಕಡಿಮೆ ಬೆಳಕು ಮೂರೂ ಅದನ್ನ ನಿಧಾನ ಮಾಡ್ತವೆ, ನಿಲ್ಲಿಸಲ್ಲ. ಅಂಬರ್‌ಗಳು ಬೇಗ, ಟೈಟೇನಿಯಂ ಬಿಳಿ ನಿಧಾನ, ಐವರಿ ಬ್ಲ್ಯಾಕ್ ಮತ್ತು ಕ್ಯಾಡ್ಮಿಯಂ ಇನ್ನೂ ನಿಧಾನ. ಹಾಗಾಗಿ ತಳದ ಪದರಕ್ಕೆ ಐವರಿ ಬ್ಲ್ಯಾಕ್ ಹಾಕಬೇಡಿ. ಮೇಲಿನದು ಒಣಗಿ ಕೆಳಗಿನದು ಹಸಿ ಉಳಿದ್ರೆ ಬಿರುಕು ಬಿಡುತ್ತೆ. ತಳದ ಪದರ ಟರ್ಪೆಂಟೈನ್ ಜಾಸ್ತಿ, ಮೇಲಕ್ಕೆ ಹೋದ ಹಾಗೆ ಅಗಸೆ ಎಣ್ಣೆ ಜಾಸ್ತಿ. ಹಾರ್ಡ್‌ವೇರ್ ಅಂಗಡಿಯ ಬಾಯ್ಲ್ಡ್ ಲಿನ್ಸೀಡ್ ಬಾಗಿಲಿಗೆ ಸರಿ, ಚಿತ್ರಕ್ಕೆ ಬೇಡ, ಹಳದಿಯಾಗುತ್ತೆ. ಟರ್ಪೆಂಟೈನ್ ಒಂದು ಹನಿ ಬಿಳಿ ಕಾಗದಕ್ಕೆ ಬಿಡಿ, ಮಾರನೇ ದಿನ ಜಿಡ್ಡಿನ ಗುರುತು ಉಳಿದಿದ್ರೆ ಆ ಬಾಟಲಿ ಕುಂಚ ತೊಳೆಯೋಕೆ. ಕ್ಯಾನ್ವಾಸನ್ನ ಹೊರಗೋಡೆಗೆ ಒರಗಿಸಿ ಇಡಬೇಡಿ, ಹಿಂಬದಿಗೆ ಬೂಷ್ಟು ಹಿಡಿಯುತ್ತೆ. ನಾಲ್ಕು ಬೆರಳು ಗಾಳಿ ಆಡಲಿ. ಅಂಬರ್ ಹಚ್ಚಿದ ಕಡೆ ಒಣಗಿದ ಮೇಲೆ ಸುಣ್ಣ ಹೊಡೆದ ಹಾಗೆ ಮಂಕಾದ್ರೆ ಗಾಬರಿಯಾಗಬೇಡಿ, ಎಣ್ಣೆ ಕೆಳಗೆ ಇಂಗಿದೆ ಅಷ್ಟೇ. ಅಗಸೆ ಎಣ್ಣೆ ಎರಡು ಹನಿ ಬಟ್ಟೆಯಲ್ಲಿ ಸವರಿ, ಹೆಚ್ಚಾದದ್ದು ಒರೆಸಿ, ಆಮೇಲೆ ಮುಂದಿನ ಪದರ.

ದೀಪ: 5000 ಕೆಲ್ವಿನ್, ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣಿಸುತ್ತೆ ಅನ್ನೋ ಅಂಕ) 90ಕ್ಕೆ ಮೇಲಿನ ಎಲ್‌ಇಡಿ. ಮೋಡದ ದಿನ ಹಳದಿ ಬಲ್ಬ್ ಹಾಕಿಕೊಂಡು ಕಿತ್ತಳೆ ಬೆರೆಸಿದ್ರೆ ಬೆಳಗ್ಗೆ ಎದ್ದು ನೋಡಿದಾಗ ಬೇರೆಯೇ ಬಣ್ಣ.

ಪಟದ_ಕಥೆ:

ಟಿಪ್ಪಣಿ ವಿಷಯಕ್ಕೆ ಬರ್ತೀನಿ. ವಲ್ಕನ್‌ನ ಗುರುತು ಸುತ್ತಿಗೆ, ಇಕ್ಕಳ, ಅಡಿಗಲ್ಲು, ಗಡ್ಡ, ಕೆಲವೊಮ್ಮೆ ಶಂಕುವಿನಾಕಾರದ ಟೋಪಿ, ಮತ್ತೆ ಕುಂಟು ಕಾಲು. ಕುಂಟನ್ನ ಬಹಳ ಜನ ತೋರಿಸೋಕೆ ಹೋಗಲ್ಲ. ವೆಲಾಸ್ಕೆಜ್ ಕಾಲಿನಲ್ಲಿ ತೋರಿಸದೆ ಸೊಂಟದ ಓರೆಯಲ್ಲಿ ಸೂಚಿಸಿದ್ದಾನೆ ಅನ್ನೋದು ನನ್ನ ಓದು. ನಕಲಿನಲ್ಲಿ ಆ ಓರೆಯನ್ನ ನೆಟ್ಟಗೆ ಮಾಡಿಬಿಡಬೇಡಿ, ಗ್ರಿಡ್ ಹಾಕಿದ್ರೂ ಕೈ ತಾನಾಗೇ ನೆಟ್ಟಗೆ ಎಳೆಯುತ್ತೆ.

ಆದರೆ ಗುರುತು ಹಿಡಿದರೆ ಸಾಲದು, ಯಾವ ಕಥೆ ಅಂತ ಹೇಳೋಕೆ ಪಕ್ಕದಲ್ಲಿ ಯಾರಿದ್ದಾರೆ ನೋಡಬೇಕು. ಪುಟ್ಟ ಕ್ಯುಪಿಡ್ ಜೊತೆ ವೀನಸ್ ಬಂದು ಶಿರಸ್ತ್ರಾಣ, ಗುರಾಣಿ, ಕತ್ತಿ ಕೇಳ್ತಿದ್ರೆ ಅದು ರೋಮನ್ ಕವಿ ವರ್ಜಿಲ್‌ನ ಈನೀಡ್ ಕಾವ್ಯದ ಎಂಟನೇ ಭಾಗ: ಮಗ ಈನಿಯಾಸ್‌ಗೆ ಆಯುಧ. ಫ್ರಾನ್ಸಿನ ಬೂಶೆ 1732ರಲ್ಲಿ ಬರೆದದ್ದು ಇದೇ, ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿದೆ; ಮಸಿಯೂ ಇಲ್ಲ ಬೆವರೂ ಇಲ್ಲ, ಎಲ್ಲಾ ಮೋಡ ಮತ್ತು ರೇಷ್ಮೆ. ಆಯುಧ ತಗೊಳ್ಳೋಕೆ ಬಂದವಳು ಸಮುದ್ರದೇವತೆ ಥೆಟಿಸ್ ಆದ್ರೆ ಅದು ಗ್ರೀಕ್ ಕವಿ ಹೋಮರ್‌ನ ಇಲಿಯಡ್ ಕಾವ್ಯದ ಹದಿನೆಂಟನೇ ಭಾಗ, ಮಗ ಅಕಿಲೀಸ್‌ಗೆ. ವಾನ್ ಡೈಕ್ ಬರೆದದ್ದು ವಿಯೆನ್ನಾದಲ್ಲಿದೆ. ಆ ಭಾಗದಲ್ಲಿ ಹಿಫೀಸ್ಟಸ್‌ಗೆ ಇಪ್ಪತ್ತು ತಿದಿ ಇವೆ, ಹೇಳಿದ ಹಾಗೆ ಕಾವಿಗೆ ತಕ್ಕಂತೆ ತಾವೇ ಊದುತ್ತವೆ. ಐಟಿಐ ಹುಡುಗರಿಗೆ ಇದನ್ನ ಮರೆಯದೆ ಬರೀರಿ.

ಒಬ್ಬನೇ ನಿಂತು ಸಿಡಿಲು ತಿದ್ದುತ್ತಿದ್ರೆ ಅದು ದೇವತೆಗಳ ರಾಜ ಜೂಪಿಟರ್‌ಗಾಗಿ. ರೂಬೆನ್ಸ್ 1636–38ರ ಸುಮಾರಿಗೆ ಸ್ಪೇನಿನ ರಾಜನ ಬೇಟೆಮನೆಗೆ ಬರೆದ ಚಿತ್ರ ಪ್ರಾಡೊದಲ್ಲೇ ಇದೆ. ನಮ್ಮಲ್ಲಿ ಇಂದ್ರನ ವಜ್ರ ಮಾಡಿಕೊಟ್ಟವನು ತ್ವಷ್ಟೃ ಅಂತ ಋಗ್ವೇದದಲ್ಲಿ ಬರುತ್ತಲ್ಲ, ಹೋಲಿಸೋದಾದ್ರೆ ಅವನಿಗೆ ಹೋಲಿಸಿ. ಹೊಯ್ಸಳ ಗುಡಿಗಳ ಛಾವಣಿಯಲ್ಲಿ ಟಗರು ಏರಿ ಕೂತ ಅಗ್ನಿಗೆ ಹೋಲಿಸಬೇಡಿ. ಅವನು ಆಗ್ನೇಯ ದಿಕ್ಕಿನ ಒಡೆಯ, ಅವನ ಕೈಯಲ್ಲಿ ಸುತ್ತಿಗೆ ಇಲ್ಲ. ಯಾರನ್ನಾದ್ರೂ ಬಂಡೆಗೆ ಸರಪಳಿ ಹಾಕಿ ಬಿಗೀತಿದ್ರೆ ಅದು ದೇವತೆಗಳ ಬೆಂಕಿ ಕದ್ದ ಪ್ರಮಿಥ್ಯೂಸ್. ಬಾಬ್ಯುರೆನ್ 1623ರಲ್ಲಿ ಬರೆದದ್ದು ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್ ಮ್ಯೂಸಿಯಂನಲ್ಲಿದೆ. ಬಿಷಪ್ ಉಡುಪಿನಲ್ಲಿ ಸುತ್ತಿಗೆ ಹಿಡಿದವನು ವಲ್ಕನ್ ಅಲ್ಲವೇ ಅಲ್ಲ, ಕ್ರೈಸ್ತರಲ್ಲಿ ಲೋಹಗೆಲಸದವರನ್ನ ಕಾಯೋ ಸಂತ ಎಲಿಜಿಯಸ್.

ಇನ್ನು ವೀನಸ್, ಮಾರ್ಸ್ ಕಥೆ. ಇದು ಹೋಮರ್‌ನದೇ ಒಡಿಸ್ಸಿ ಕಾವ್ಯದ ಎಂಟನೇ ಭಾಗದಲ್ಲೂ ರೋಮನ್ ಕವಿ ಓವಿಡ್‌ನ ಮೆಟಮಾರ್ಫಸಿಸ್‌ನ ನಾಲ್ಕನೇ ಭಾಗದಲ್ಲೂ ಬರುತ್ತೆ. ಸುದ್ದಿ ಕೇಳಿದ ವಲ್ಕನ್ ಕಣ್ಣಿಗೆ ಕಾಣದಷ್ಟು ನಯವಾದ ಲೋಹದ ಬಲೆ ಹೆಣೆದು ಹಾಸಿಗೆಗೆ ಕಟ್ಟಿ ಇಬ್ಬರನ್ನೂ ಹಿಡಿದು ದೇವತೆಗಳನ್ನೆಲ್ಲ ಕರೆದು ತೋರಿಸ್ತಾನೆ. ಹೆಚ್ಚಿನ ಚಿತ್ರಕಾರರಿಗೆ ಬೇಕಾದದ್ದು ಆ ಹಾಸಿಗೆ. ಟಿಂಟೊರೆಟ್ಟೊನ ಚಿತ್ರ ಮ್ಯೂನಿಕ್‌ನಲ್ಲಿದೆ, 1550ರ ಆಸುಪಾಸಿನದು: ಮುದುಕ ವಲ್ಕನ್ ವೀನಸ್‌ನ ಹೊದಿಕೆ ಎತ್ತಿ ನೋಡ್ತಿದ್ದಾನೆ, ಶಿರಸ್ತ್ರಾಣ ಹಾಕಿಕೊಂಡೇ ಮಾರ್ಸ್ ಕೆಳಗೆ ಅಡಗಿದ್ದಾನೆ, ಒಂದು ಪುಟ್ಟ ನಾಯಿ ಅವನ ಕಡೆ ಬೊಗಳ್ತಿದೆ, ಹಿಂದಿನ ಕನ್ನಡಿಯಲ್ಲಿ ವಲ್ಕನ್‌ನ ಬೆನ್ನು. ಪೂರ್ತಿ ನಗೆನಾಟಕ. ಕೆಲಸಗಾರ ದೇವರು ಅಲ್ಲಿ ಬರೀ ಮೋಸಹೋದ ಗಂಡ.

ವೆಲಾಸ್ಕೆಜ್ ಹಾಸಿಗೆಯನ್ನ ಬಿಟ್ಟು ಕುಲುಮೆಗೆ ಬಂದ. ಈ ಆಯ್ಕೆಯೇ ನಿಮ್ಮ ಟಿಪ್ಪಣಿಯ ತಿರುಳಾಗಲಿ. ಓವಿಡ್‌ನಲ್ಲಿ ಸುದ್ದಿ ಕೇಳಿದ ಕೂಡಲೇ ವಲ್ಕನ್‌ನ ಕೈಯಿಂದ ಕೆಲಸ ಜಾರಿ ಬೀಳುತ್ತೆ. ಚಿತ್ರದಲ್ಲಿ ಬಿದ್ದಿಲ್ಲ. ಇಕ್ಕಳ ಇನ್ನೂ ಹಿಡಿದಿದ್ದಾನೆ, ತುಂಡು ಇನ್ನೂ ಅಡಿಗಲ್ಲಿನ ಮೇಲಿದೆ, ಸುತ್ತಿಗೆಗಳು ನಿಂತಿವೆ. ಕಬ್ಬಿಣ ಕಾದಾಗಲೇ ಬಡಿಯಬೇಕು ಅಂತ ಗೊತ್ತಿರೋ ಐದು ಜನ ಕೆಲಸಗಾರರು, ಬಡಿಯಬೇಕಾದ ಹೊತ್ತಲ್ಲೇ ನಿಂತುಬಿಟ್ಟಿದ್ದಾರೆ. ಸೈಕ್ಲೋಪ್ಸ್ ಅನ್ನೋ ಒಕ್ಕಣ್ಣಿನ ದೈತ್ಯರಾಗಬೇಕಿದ್ದ ಸಹಾಯಕರಿಗೆ ಮಾಮೂಲಿ ಮನುಷ್ಯರ ಮುಖ, ಎರಡೆರಡು ಕಣ್ಣು. ಸಂತೆಯಲ್ಲಿ ಕಾಣೋ ಜನ. ದೇವರು ಅಂತ ಕಾಣೋನು ಎಡಗಡೆಯ ಅಪೊಲೊ ಒಬ್ಬನೇ.

ಜಾಗ ಉಳಿದ್ರೆ ಮುಂದಿನ ಸಾಲು: 1772ರಲ್ಲಿ ಇಂಗ್ಲೆಂಡಿನ ಜೋಸೆಫ್ ರೈಟ್ ಬರೆದ ‘ಕಬ್ಬಿಣದ ಕುಲುಮೆ’ಯಲ್ಲಿ ದೇವರೇ ಇಲ್ಲ, ನೀರಿನ ಬಲದಲ್ಲಿ ಓಡೋ ಸುತ್ತಿಗೆ ಇದೆ, ಬೆಳಕೆಲ್ಲಾ ಕಾದ ಲೋಹದಿಂದಲೇ. ಬೆಳಕಿನ ವಿಷಯದಲ್ಲಿ ಅದು ವೆಲಾಸ್ಕೆಜ್‌ಗೆ ತದ್ವಿರುದ್ಧ, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. 1872–75ರಲ್ಲಿ ಬರ್ಲಿನ್‌ನ ಮೆಂಜೆಲ್ ರೋಲಿಂಗ್ ಮಿಲ್ (ಕಾದ ಕಬ್ಬಿಣವನ್ನ ಉರುಳೆಗಳ ನಡುವೆ ಒತ್ತೋ ಕಾರ್ಖಾನೆ) ಬರೆದ, ಅದಕ್ಕೆ ‘ಆಧುನಿಕ ಸೈಕ್ಲೋಪ್ಸ್’ ಅಂತಲೂ ಹೆಸರಿದೆ. ನಿಮ್ಮ ಹುಡುಗರ ಕಾರ್ಖಾನೆಗೆ ಅಲ್ಲಿಂದ ದೂರವಿಲ್ಲ.

ಹಾಸನ_ಕುಂಚ:

ಮೂವರಿಗೂ ತುಂಬಾ ಥ್ಯಾಂಕ್ಸ್. 75 × 97.5 ಫ್ರೇಮ್‌ಗೆ ಬಡಗಿಗೆ ಹೇಳ್ತೀನಿ. ಎರಡು ಉಳಿದಿವೆ. ಕಿಡಿ ಹಾರೋದು ಹಾಕಬಹುದಾ? ನೋಡೋರಿಗೆ ಖುಷಿ ಅಂತ ಐಟಿಐಯವರು ಕೇಳ್ತಿದ್ದಾರೆ. ಮತ್ತೆ ವಾರ್ನಿಷ್ ಯಾವಾಗ?

ಕುಲುಮೆ_ಕಿಡಿ:

ಕಿಡಿ ಬೇಡ. ಕಿಡಿ ಹಾರೋದು ಎರಡೇ ಸಂದರ್ಭ. ಏಟು ಬೀಳೋವಾಗ ಪೊರೆ ಸಿಡಿದು, ಇಲ್ಲಾ ಕಬ್ಬಿಣ ಬಿಳಿ ಕಾವು ದಾಟಿ ತಾನೇ ಉರಿಯೋಕೆ ಶುರುವಾದಾಗ. ಎರಡನೇದಾದ್ರೆ ಆ ತುಂಡು ಹಾಳು, ತಿರುಗಿ ಕೆಲಸಕ್ಕೆ ಬರಲ್ಲ. ಚಿತ್ರದಲ್ಲಿ ಸುತ್ತಿಗೆ ನಿಂತಿದೆ. ನಿಂತ ಸುತ್ತಿಗೆಗೆ ಕಿಡಿ ಎಲ್ಲಿಂದ? ಗ್ರೈಂಡರ್ ಕಿಡಿ ನೋಡಿ ಅಭ್ಯಾಸ ಇರೋರು ಕೇಳ್ತಾರೆ, ಅದು ಬೇರೆ ಕೆಲಸದ ಕಿಡಿ.

ಮಲೆನಾಡ್_ಕ್ಯಾನ್ವಾಸ್ (ಚಿಕ್ಕಮಗಳೂರು):

ಬೇಕೇ ಬೇಕು ಅಂತ ಹಟ ಹಿಡಿದ್ರೆ ಹಿಂದಿನ ಒಲೆಯ ಹತ್ತಿರ ಮೂರ್ನಾಲ್ಕು ಚುಕ್ಕೆ ಇಡಬಹುದು, ತಿದಿ ಊದಿದಾಗ ಇದ್ದಿಲ ಚೂರು ಹಾರೋದು ಸಹಜ. ಕಿಡಿ ಸರ್ ಒಪ್ಪಲಿಕ್ಕಿಲ್ಲ. ಮೂಲದಲ್ಲಿ ಇಲ್ಲದ್ದನ್ನ ನಕಲಿನಲ್ಲಿ ಹಾಕೋದಾದ್ರೆ ಟಿಪ್ಪಣಿಯಲ್ಲಿ ಬರೆದುಬಿಡಿ.

ವಾರ್ನಿಷ್ ಕನಿಷ್ಠ ಆರು ತಿಂಗಳು ಬಿಟ್ಟು. ಕಬ್ಬಿಣಕ್ಕೆ ದಪ್ಪಗೆ ಬಣ್ಣ ಹಾಕಿರ್ತೀರಿ, ಅದು ಒಳಗೆ ಗಟ್ಟಿಯಾಗೋಕೆ ಹೆಚ್ಚು ಹೊತ್ತು ಬೇಕು. ಉಗುರಿನಿಂದ ಆ ಜಾಗ ಮೆಲ್ಲಗೆ ಒತ್ತಿ ನೋಡಿ, ಗುರುತು ಬಿದ್ರೆ ಇನ್ನೂ ಕಾಯಿರಿ. ಜೂನ್‌ನಲ್ಲಿ ಶುರು ಮಾಡಿ ಅಕ್ಟೋಬರ್‌ಗೆ ಮುಗಿಸಿದ್ರೆ ಏಪ್ರಿಲ್‌ನ ಒಣಹವೆಗೆ ವಾರ್ನಿಷ್ ಬರುತ್ತೆ, ಅದೇ ಒಳ್ಳೇದು. ತೇವದ ದಿನ ಹಚ್ಚಿದ್ರೆ ಹಾಲು ಬಣ್ಣದ ಪೊರೆ ಕೂರುತ್ತೆ. ಅಲ್ಲಿವರೆಗೆ ವರ್ಕ್‌ಶಾಪ್ ಹಾಲ್‌ನಲ್ಲಿ ನೇತು ಹಾಕಬೇಡಿ. ಗ್ರೈಂಡಿಂಗ್ ಧೂಳಿನಲ್ಲಿ ಕಬ್ಬಿಣದ ಪುಡಿ ಇರುತ್ತೆ, ಹಸಿ ಬಣ್ಣಕ್ಕೆ ಅಂಟಿದ್ರೆ ಮುಂದಿನ ಮಳೆಗೆ ಅಲ್ಲಲ್ಲಿ ತುಕ್ಕಿನ ಚುಕ್ಕೆ ಏಳುತ್ತೆ, ಒರೆಸಿದ್ರೆ ಹೋಗಲ್ಲ. ಆಫೀಸ್ ಕೋಣೆಯ ಒಳಗೋಡೆ ಕೇಳಿ ನೋಡಿ.